ಗೋಡೆ ಹತ್ತಿಸುವ ಹೊನ್ನಿ

ಮೂವತ್ತೆರಡು ವರ್ಷ ನಾನು ಕನ್ನಡ ಶಾಲೆಯಲ್ಲಿ ಮಕ್ಕಳ ತಪ್ಪು ತಿದ್ದಿದವನು. ಕೆಂಪು ಶಾಯಿಯ ದೌತಿ ಎಷ್ಟು ಖಾಲಿ ಮಾಡಿದೆನೋ ನನಗೇ ಗೊತ್ತಿಲ್ಲ. ಕಾಗುಣಿತ ತಪ್ಪಿದವನ ಕಿವಿ ಹಿಂಡಿದ್ದೇನೆ. ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು ಓಡಿದವನನ್ನು ಮೂಲೆಯಲ್ಲಿ ಒಂಟಿಕಾಲಲ್ಲಿ ನಿಲ್ಲಿಸಿದ್ದೇನೆ. ನನ್ನನ್ನು ಹಾಗೆ ನಿಲ್ಲಿಸುವವರು ಊರಿನಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಇವತ್ತು ಈ ಕಾಗದ ಮುಂದಿಟ್ಟುಕೊಂಡು ಕೂರುವ ಪ್ರಸಂಗ ಬರುತ್ತಿರಲಿಲ್ಲ.

ಊರಿನ ದೊಡ್ಡವರ ಬಗ್ಗೆ ಬರೆಯಲು ಜನ ಇದ್ದಾರೆ. ಸೊಸೈಟಿ ಕಟ್ಟಿದವರು, ಕೆರೆ ಹೂಳು ತೆಗೆಸಿದವರು, ಎಲ್ಲರಿಗೂ ಒಂದೊಂದು ಹಾರ, ಒಂದೊಂದು ಭಾಷಣ ಆಗಿದೆ. ಹೊನ್ನಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಅವಳಿಗೆ ಓದಲು ಬರುವುದಿಲ್ಲವಾದ್ದರಿಂದ ನಾನು ಬರೆದರೂ ಅವಳಿಗೆ ಏನೂ ಆಗಬೇಕಾಗಿಲ್ಲ. ಆದರೆ ಬರೆಯದೆ ಇದ್ದರೆ ನನಗೆ ಅನ್ನ ಸೇರುವುದಿಲ್ಲ.

ನಮ್ಮೂರು ಶಿರಸಿ ತಾಲೂಕಿನ ಮೂಡಲ ಅಂಚಿನದು, ಬನವಾಸಿಗೆ ಒಂದು ಹರದಾರಿ. ಹೊನ್ನಿ ಇಲ್ಲಿಯವಳಲ್ಲ. ಸಿದ್ದಾಪುರ ತಾಲೂಕಿನ ಕಾನಸೂರು ಕಡೆಯಿಂದ ಬೈರನನ್ನು ಮದುವೆಯಾಗಿ ಬಂದವಳು. ಬೈರ ನಮ್ಮ ಕೆಳಗಿನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಹೊನ್ನಿ ಕುಳ್ಳಿ, ಕಪ್ಪು, ದುಂಡನೆಯ ಮುಖದವಳು. ಮಾತಿಗಿಂತ ಮುಂಚೆ ಕೈ ಆಡುವ ಹೆಂಗಸು. ಅವಳಿಗೆ ಇಪ್ಪತ್ತರವರೆಗೆ ಮಾತ್ರ ಎಣಿಸಲು ಬರುತ್ತಿತ್ತು, ಅದೂ ಭತ್ತ ಅಳೆಯುವವರ ರೀತಿಯಲ್ಲಿ. ಕಣದಲ್ಲಿ ಕೊಳಗ ತುಂಬಿ ಸುರಿಯುವಾಗ ಮೊದಲನೆಯದಕ್ಕೆ ಯಾರೂ ‘ಒಂದು’ ಅನ್ನುವುದಿಲ್ಲವಲ್ಲ, ‘ಲಾಭ’ ಅನ್ನುತ್ತಾರೆ. ಹೊನ್ನಿಗೆ ಎಲ್ಲದಕ್ಕೂ ಅದೇ ಲೆಕ್ಕ. ಕೋಳಿ ಎಣಿಸಿದರೂ ಲಾಭ, ಎರಡು, ಮೂರು. ಮೊಮ್ಮಕ್ಕಳನ್ನು ಎಣಿಸಿದರೂ ಲಾಭ, ಎರಡು, ಮೂರು. ನಾನು ಎಷ್ಟೋ ಸಲ ನಗಾಡಿದ್ದೇನೆ.

ಮುಂಬಯಿ ರಾಜ್ಯ ಹೋಗಿ ನಾವು ಮೈಸೂರು ರಾಜ್ಯದವರಾದ ವರ್ಷದ ಸುಗ್ಗಿಯಲ್ಲಿ ಅವಳು ಬಣವೆಯ ಮೇಲಿನಿಂದ ಜಾರಿ ಬಿದ್ದಳು. ಹೆಗಲ ಮೂಳೆ ಬಿರುಕು ಬಿಟ್ಟಿತು. ಬೈರ ಗಾಡಿ ಕಟ್ಟಿ ಶಿರಸಿಗೆ ಒಯ್ದ. ಬಟ್ಟೆಯ ಜೋಳಿಗೆಯಲ್ಲಿ ಕೈ ತೂಗಿಹಾಕಿ ಕಳಿಸಿದರು. ಮೂರು ವಾರ ಬಿಟ್ಟು ಜೋಳಿಗೆ ಬಿಚ್ಚಿದರೆ ಕೈ ಮೇಲೇಳದು. ಅಲ್ಲಿದ್ದ ಒಬ್ಬ ನರ್ಸಬಾಯಿ ಇವಳನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಎರಡು ಬೆರಳನ್ನು ಗೋಡೆಯ ಮೇಲೆ ಇರುವೆ ಹತ್ತಿದ ಹಾಗೆ ಮೇಲೆ ಮೇಲೆ ಹತ್ತಿಸಲು ಕಲಿಸಿದಳಂತೆ. ದಿನಕ್ಕೆ ಮೂರು ಹೊತ್ತು. ಜೊತೆಗೆ ಇನ್ನೊಂದು ಮಾತು ಹೇಳಿದಳಂತೆ: ನೋವಿನಲ್ಲಿ ಎರಡು ಜಾತಿ. ಎಳೆಯುವ ನೋವು ಒಂದು, ಕಚ್ಚುವ ನೋವು ಒಂದು. ಎಳೆದರೆ ಹೋಗಲಿ ಎಂದು ಹತ್ತಿಸು, ಕಚ್ಚಿದರೆ ಅಲ್ಲಿಗೇ ನಿಲ್ಲಿಸು, ನಾಳೆ ಮತ್ತೆ ಅಲ್ಲಿಂದ ಹೊರಡು.

ಹೊನ್ನಿ ಊರಿಗೆ ಬಂದು ತನ್ನ ಗುಡಿಸಲಿನ ಗೋಡೆ ಹತ್ತಿಸತೊಡಗಿದಳು. ಬೈರನ ಹೆಂಡತಿಗೆ ಮರುಳು ಹಿಡಿಯಿತು ಎಂದು ನಾಲ್ಕು ದಿನ ಮಾತಾಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಅದೇ ಕೈಯಲ್ಲಿ ಸಸಿಯ ಹೊರೆ ತಲೆಗೇರಿಸಿಕೊಂಡು ಗದ್ದೆಗೆ ಇಳಿದಳು. ಆಗ ಮಾತು ನಿಂತಿತು. ಕೇರಿಯ ಮುದುಕಿಯರು ಒಬ್ಬೊಬ್ಬರೇ ಅವಳ ಅಂಗಳಕ್ಕೆ ಬರತೊಡಗಿದರು. ಹೆಗಲು ಹಿಡಿದವರಿಗೆ ಗೋಡೆ. ಮೊಣಕಾಲು ಹಿಡಿದವರಿಗೆ ಕಟ್ಟೆಯ ಮೇಲೆ ಕೂತು ಒಂದೊಂದೇ ಕಾಲು ನೀಟಾಗಿ ಮುಂದಕ್ಕೆ ಚಾಚಿ ಹಿಡಿಯುವುದು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಹೆಗಲಿಗೆ ಆದದ್ದು ಮೊಣಕಾಲಿಗೆ ಏಕಾಗಬಾರದು ಎಂದು ತಾನೇ ಮೊದಲು ಮಾಡಿ ನೋಡಿ ಹೇಳಿದ್ದಳು. “ನೋವು ಹೋದ್ಮೇಲೆ ಆಡಸ್ತೆ ಅಂತ ಕೂತ್ರೆ ನೋವು ಎಂತಕ್ಕೆ ಹೋತದೆ? ಅದ್ಕೂ ಕೂರೂಕೆ ಜಾಗ ಸಿಕ್ದಂಗೆ ಆತದೆ” ಎಂದು ಬೈಯುತ್ತಿದ್ದಳು. ಎಣ್ಣೆ ಇಲ್ಲ, ಬೇರು ಇಲ್ಲ, ಮಂತ್ರ ಇಲ್ಲ. ಊರಿನವರಿಗೆ ಇದೊಂದು ವೈದ್ಯ ಅಂತ ಅನ್ನಿಸಲೇ ಇಲ್ಲ. ನನಗಂತೂ ಅನ್ನಿಸಲಿಲ್ಲ.

ಈಗ ನಮ್ಮ ಅವ್ವನ ವಿಷಯ. ಅವ್ವ ಮುರಿಗೆವ್ವ, ನಾನು ಅವಳ ಒಬ್ಬನೇ ಮಗ. ಎಂಟನೆಯ ವಯಸ್ಸಿಗೆ ಅವಳಿಗೆ ಲಿಂಗದೀಕ್ಷೆ ಆಗಿತ್ತು. ಅಂದಿನಿಂದ ಒಂದು ದಿನವೂ ಪೂಜೆ ತಪ್ಪಿಸಿದವಳಲ್ಲ. ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆ ಕೈಯನ್ನು ಕಣ್ಣಿನ ಸಮಕ್ಕೆ ಎತ್ತಿ ಹಿಡಿದು ಕೂತುಬಿಡುವಳು. ರೆಪ್ಪೆ ಬಡಿಯದೆ ನೋಡುವಳು. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವಳನ್ನು ಕರೆಯುವ ಹಾಗಿರಲಿಲ್ಲ. ಇಡೀ ದಿನದಲ್ಲಿ ಅವಳದು ಅಂತ ಇದ್ದದ್ದು ಅದೊಂದು ಗಳಿಗೆ. ಉಳಿದದ್ದೆಲ್ಲ ನಮಗೆ, ದನಕ್ಕೆ, ಬಂದವರಿಗೆ.

ಐವತ್ತೆಂಟರ ದೀಪಾವಳಿಯ ಮುಂದೆ ಅವ್ವನ ಎಡಗೈ ಹಿಡಿಯಿತು. ಅಂಗೈ ಎದೆಯ ಮಟ್ಟಕ್ಕೆ ಬಂದು ನಿಲ್ಲುವುದು, ಅದರ ಮೇಲೆ ಹೋಗದು. ಅವಳಿಗೆ ಆಗ ಅರವತ್ತನಾಲ್ಕು. “ಕೈ ಮ್ಯಾಲ ಹೋಗವಲ್ದೋ ತಮ್ಮಾ” ಎಂದು ಒಂದು ದಿನ ಹೇಳಿದಳು. ಅವಳು ನೋವು ಅಂತ ಬಾಯಿ ಬಿಟ್ಟದ್ದೇ ಅದು ಮೊದಲು. ಮರುದಿನವೇ ಬಸ್ಸಿನಲ್ಲಿ ಶಿರಸಿಗೆ ಕರೆದೊಯ್ದೆ. ಡಾಕ್ಟರು ಹೆಗಲು ಒತ್ತಿ ನೋಡಿದರು, ಕೈ ತಿರುಗಿಸಿ ನೋಡಿದರು. “ಎಂಟು ದಿನ ವಿಶ್ರಾಂತಿ ಕೊಡಿ ಮಾಸ್ತರರೇ” ಎಂದರು. ಆಮೇಲೂ ಏನೋ ಹೇಳುತ್ತಿದ್ದರು. ನನ್ನ ಲಕ್ಷ್ಯ ಚೀಟಿಯನ್ನು ಮಡಿಚಿ ಕಿಸೆಗೆ ಹಾಕುವುದರಲ್ಲಿತ್ತು, ಹೊರಗೆ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು. ಹೂಂ ಹೂಂ ಎಂದು ತಲೆಯಾಡಿಸಿ ಎದ್ದೆ.

ವಿಶ್ರಾಂತಿ! ಆ ಶಬ್ದ ನನಗೆ ಎಷ್ಟು ಹಿಡಿಸಿತು ಅಂದರೆ ಮನೆಗೆ ಬಂದವನೇ ಹೆಂಡತಿ ಪಾರ್ವತವ್ವನನ್ನು ಕರೆದು ಅಪ್ಪಣೆ ಮಾಡಿದೆ. ಅವ್ವ ಇನ್ನು ಮೇಲೆ ರೊಟ್ಟಿ ಬಡಿಯಕೂಡದು. ಮಜ್ಜಿಗೆ ಕಡೆಯಕೂಡದು. ಕಸಬರಿಗೆ ಮುಟ್ಟಕೂಡದು. ನೀರಿನ ತಂಬಿಗೆ ಸಹ ಕೂತಲ್ಲಿಗೇ ಬರಬೇಕು. ಎಂಟು ದಿನ ಕಳೆಯಿತು, ಎಂಟು ವಾರ ಕಳೆಯಿತು, ನನ್ನ ಅಪ್ಪಣೆ ಕಳೆಯಲಿಲ್ಲ. ಅವ್ವ ಒಂದು ಸಲ ನನ್ನ ಕಣ್ಣು ತಪ್ಪಿಸಿ ಕಡಗೋಲು ಹಿಡಿದಿದ್ದಳು. “ಯವ್ವಾ, ನಿನ್ನ ಕೈಲೆ ದುಡಿಸಿದ್ರ ಊರಾಗ ನನ್ನ ಮಾರಿ ಎಲ್ಲಿ ಇಟ್ಕೊಳ್ಳಿ? ನೀ ಕುಂದ್ರು” ಎಂದು ಕಸಿದುಕೊಂಡೆ. ನಮ್ಮ ಮಂದಿಯಲ್ಲಿ ವಯಸ್ಸಾದವರನ್ನು ಕೂತಲ್ಲಿಂದ ಏಳಗೊಡದೆ ನೋಡಿಕೊಳ್ಳುವುದೇ ದೊಡ್ಡ ಸೇವೆ. ಓಣಿಯ ಹೆಂಗಸರು ಬಂದು ನೋಡಿ, “ಮಗ ಅಂದ್ರ ಹಿಂಗಿರಬೇಕ್ರಿ” ಎಂದು ಹೋದರು. ನಾನು ಉಬ್ಬಿದೆ. ಸುಳ್ಳು ಏಕೆ ಹೇಳಲಿ, ಅವ್ವನ ಕೈಗಿಂತ ಆ ಮಾತು ನನಗೆ ಹೆಚ್ಚಾಗಿತ್ತು.

ಕೈ ಇನ್ನೂ ಇಳಿಯಿತು. ಎದೆಯ ಮಟ್ಟದಿಂದ ಹೊಟ್ಟೆಯ ಮಟ್ಟಕ್ಕೆ ಬಂತು. ಆಗ ನಾನು ನನ್ನ ಜಾಣತನದ ಕೆಲಸ ಮಾಡಿದೆ. ಶಿರಸಿಯಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರಲ್ಲಿಗೆ ಹೋಗಿ, ಬೀಟೆ ಮರದಲ್ಲಿ ಒಂದು ಪುಟ್ಟ ಪೀಠ ಮಾಡಿಸಿದೆ. ಮೊಣಕೈ ಊರಲು ಒಂದು ತಗ್ಗು, ಮುಂದೆ ಅಂಗೈ ಇಡಲು ಕಮಲದ ದಳ, ನಾಲ್ಕು ಕಾಲಿಗೂ ಸಿಂಹದ ಪಂಜ. ಪೂಜೆಗೆ ಕೂತಾಗ ಅವ್ವ ಕೈ ಎತ್ತುವ ಕಷ್ಟವೇ ಬೇಡ, ಇದರ ಮೇಲೆ ಇಟ್ಟರಾಯಿತು. ಜಂಗಮರಾದ ಸಂಗಯ್ಯನವರು ಅದನ್ನು ನೋಡಿ ಬೆನ್ನು ತಟ್ಟಿದರು. ಅವ್ವ ಪೀಠದ ಮೇಲೆ ಕೈಯಿಟ್ಟು ಕೂತಳು. ಅಂಗೈ ಹೊಟ್ಟೆಯ ಮುಂದೆ, ಕಣ್ಣು ಮೇಲೆ. ಲಿಂಗ ನೋಡಬೇಕಾದರೆ ಕತ್ತು ಬಗ್ಗಿಸಬೇಕು.

“ಸ್ವಾಮಿ ಕೆಳಗ ಇಳದ್ನಲ್ಲಪಾ” ಎಂದಳು ಅವ್ವ.

ನಾನು ನಕ್ಕೆ. ಅವ್ವನೂ ನನ್ನ ಮುಖ ನೋಡಿ ನಕ್ಕಳು.

ಅವ್ವ ಹಾಗೆ ಬಗ್ಗಿ ಕೂತದ್ದನ್ನು ಹೊನ್ನಿ ಅಂಗಳದಿಂದ ನೋಡಿದ್ದು ಮರುವರ್ಷದ ಮಾಘದಲ್ಲಿ, ಗೇಣಿಯ ಭತ್ತ ಹೊತ್ತು ತಂದ ದಿನ. ನಾನು ಶಾಲೆಯಲ್ಲಿದ್ದೆ. ಆಮೇಲೆ ನಡೆದದ್ದು ನನಗೆ ಎಷ್ಟೋ ವರ್ಷದ ಮೇಲೆ ಪಾರ್ವತವ್ವನ ಬಾಯಿಂದ ತಿಳಿದದ್ದು.

“ಅವ್ವಾ, ಕೈಗೆ ಎಂತ ಆತು?” ಎಂದು ಹೊನ್ನಿ ಕೇಳಿದಳಂತೆ.

“ಸತ್ತಹೋತವಾ ಇದು. ಕಣ್ಣಿನ ಮಟ್ಟಕ್ಕ ಒಂದ್ ಸಲ ಬಂದ್ರ ಸಾಕಾಗಿತ್ತು. ನೆಟ್ಟಗ ನೋಡಿ ಕಣ್ಣ ಮುಚ್ಚತಿದ್ದೆ” ಎಂದಳಂತೆ ಅವ್ವ.

“ಸತ್ತಿಲ್ಲ ತಗಳಿ. ಹಿಡಕಂಡದೆ ಅಷ್ಟೆ. ಬನ್ನಿ.”

ಹೊನ್ನಿ ಒಳಗೆ ಬರುವಂತಿರಲಿಲ್ಲ, ಅವ್ವ ಅವಳ ಗುಡಿಸಲಿಗೆ ಹೋಗುವಂತಿರಲಿಲ್ಲ. ನಡುವೆ ಇದ್ದದ್ದು ದನದ ಕೊಟ್ಟಿಗೆ. ಅದರ ಒಳಗೋಡೆಗೆ ಅವ್ವನನ್ನು ಎದುರಾಗಿ ನಿಲ್ಲಿಸಿ, ಅವ್ವನ ಕಣ್ಣಿನ ಸಮಕ್ಕೆ ಕೆಮ್ಮಣ್ಣಿನಲ್ಲಿ ಒಂದು ಗೆರೆ ಎಳೆದಳು ಹೊನ್ನಿ. ಅಂಗೈ ಎಲ್ಲಿಗೆ ತಲುಪಬೇಕೋ ಅದು ಆ ಗೆರೆ. ಅವ್ವ ಅದಕ್ಕೆ ಸ್ವಾಮಿ ಗೆರೆ ಎಂದು ಹೆಸರಿಟ್ಟಳಂತೆ. ದಿನಾ ನಾನು ಶಾಲೆಗೆ ಹೋದಮೇಲೆ ಹೊನ್ನಿ ಬರುವಳು. ಅವ್ವ ಎರಡು ಬೆರಳಿಗೆ ವಿಭೂತಿ ಸವರಿಕೊಂಡು ಗೋಡೆ ಹತ್ತಿಸುವಳು. ಹೊನ್ನಿ ಮೊಣಕೈಗೆ ಆಸರೆ ಕೊಟ್ಟು ಎಣಿಸುವಳು, “ಲಾಭ. ಎರಡು. ಮೂರು. ಎಳೀತೋ, ಕಚ್ತೋ?” ಅವ್ವ “ಎಳೀತು” ಎಂದರೆ ಇನ್ನೊಂದು ಮೆಟ್ಟಿಲು. “ಕಚ್ಚಿತು” ಎಂದರೆ ಅಲ್ಲಿಗೇ ಸಾಕು. ಬೆರಳು ನಿಂತಲ್ಲಿ ವಿಭೂತಿಯ ಕಲೆ ಉಳಿಯುವುದು. ಮರುದಿನದ ಕಲೆ ಅದಕ್ಕಿಂತ ಒಂದು ಕೂದಲೆಳೆ ಮೇಲೆ. ಗೋಡೆಯ ಮೇಲೆ ಬಿಳಿ ಕಲೆಗಳ ಸಾಲು ಏರುತ್ತ ಹೋಯಿತು. ಪಾರ್ವತವ್ವ ಬಾಗಿಲಲ್ಲಿ ನಿಂತು ನನ್ನ ದಾರಿ ಕಾಯುತ್ತಿದ್ದಳಂತೆ. ನನ್ನ ಮನೆಯಲ್ಲಿ ನನಗೇ ಕಾವಲು. ಆ ದಿನಗಳಲ್ಲಿ ಅವ್ವ ಹೆಚ್ಚು ಉಣ್ಣುತ್ತಿದ್ದದ್ದನ್ನು, ನಗುತ್ತಿದ್ದದ್ದನ್ನು ನಾನೂ ಕಂಡಿದ್ದೆ. ನನ್ನ ವಿಶ್ರಾಂತಿಯ ಫಲ ಎಂದುಕೊಂಡಿದ್ದೆ.

ಒಂದು ಶನಿವಾರ. ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ. ಅಂದು ಸಂಗಯ್ಯನವರೂ ಊರಿನ ಇಬ್ಬರು ಹಿರಿಯರೂ ಶಾಲೆಗೇ ಬಂದು, ಮಠದ ಕೆಲಸದ ಮಾತಿದೆ ಎಂದರು. ಅವರನ್ನು ಕರೆದುಕೊಂಡು ಎಂದಿಗಿಂತ ಬೇಗ ಮನೆಗೆ ಬಂದೆ. ಹಿತ್ತಿಲ ದಾರಿ ಹತ್ತಿರ, ಆ ಕಡೆಯಿಂದಲೇ ಬಂದೆವು. ಕೊಟ್ಟಿಗೆಯಲ್ಲಿ ಅವ್ವ ಬೆನ್ನು ತೋರಿಸಿ ನಿಂತಿದ್ದಳು, ಸೆರಗು ಜಾರಿತ್ತು, ಬೆರಳು ಗೋಡೆಯ ಮೇಲೆ. ಬೈರನ ಹೆಂಡತಿ ಅವಳ ಮೊಣಕೈ ಹಿಡಿದು “ಎಂಟು, ಒಂಬತ್ತು” ಅನ್ನುತ್ತಿದ್ದಳು.

ಸಂಗಯ್ಯನವರು ನಕ್ಕುಬಿಟ್ಟರು. “ಏನ್ ಮಾಸ್ತರ, ಅವ್ವಗ ದನದ ಮನ್ಯಾಗ ಕಸರತ್ತ ಕಲಸಾಕ ಹತ್ತೀರೇನು? ಕುಸ್ತಿಗೆ ಕಳಸವ್ರೇನು?” ಉಳಿದಿಬ್ಬರೂ ನಕ್ಕರು. ಅವರ ನಗೆಯಲ್ಲಿ ವಿಷವೇನೂ ಇರಲಿಲ್ಲ. ನಾನೂ ನಕ್ಕು ಒಳಗೆ ಹೋಗಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನಗೆ ಮೈಯೆಲ್ಲ ಉರಿಯಿತು. ಊರೆಲ್ಲ ಹೊಗಳಿದ ಮಗ ನಾನು. ನನ್ನ ಅವ್ವ ಸಗಣಿಯಲ್ಲಿ ನಿಂತು, ಗೇಣಿಯವನ ಹೆಂಡತಿಯ ಕೈಯಲ್ಲಿ ಕೈಕೊಟ್ಟು, ಹುಚ್ಚಿಯ ಹಾಗೆ ಗೋಡೆ ಕೆರೆಯುವುದೇ?

“ಯಾರ ಮೈ ಮುಟ್ಟಿದಿ ನೀನು? ಯಾರನ್ನ ಕೇಳಿ ಮುಟ್ಟಿದಿ?” ಎಂದು ಹೊನ್ನಿಯ ಮೇಲೆ ಕೂಗಾಡಿದೆ. ಅವಳು ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

“ಚಂದ್ರಪ್ಪಾ, ಒಂದೀಟ್ ನನ್ನ ಮಾತ...” ಎಂದಳು ಅವ್ವ.

“ನೀ ಒಳಗ ನಡಿ ಯವ್ವಾ!” ಎಂದೆ. ಅದುವರೆಗೆ ಅವ್ವನಿಗೆ ನಾನು ಹಾಗೆ ದನಿಯೇರಿಸಿದವನಲ್ಲ. ಆಮೇಲೆ ಹೊನ್ನಿಗೆ ಹೇಳಿದೆ, “ಈ ಗ್ವಾಡಿ ತುಂಬ ಹೊಲಸ ಮಾಡೀಯಲ್ಲ, ಈಗಿಂದೀಗ ಸಗಣಿ ಹಾಕಿ ಸಾರಿಸು. ನನಗ ಒಂದ್ ಕಲಿ ಕಾಣಬಾರದು.”

ಹೊನ್ನಿ ಬುಟ್ಟಿ ತಂದಳು. ಸಗಣಿ ಕಲಸಿದಳು, ಗೋಡೆ ಸಾರಿಸಿದಳು. ಯಾವ ಕೈಯನ್ನು ತಾನು ಗೋಡೆ ಹತ್ತಿಸಿ ಬದುಕಿಸಿಕೊಂಡಿದ್ದಳೋ ಅದೇ ಕೈಯಲ್ಲಿ ಕೆಳಗಿನಿಂದ ಒಂದೊಂದೇ ಕಲೆ ಮುಚ್ಚುತ್ತ ಮೇಲೆ ಬಂದಳು. ಕೆಂಪು ಗೆರೆಯ ಹತ್ತಿರ ಬಂದಾಗ ಅವಳ ಕೈ ನಿಂತಿತು. ಅವ್ವ ಒಳಗೆ ಹೋಗಿರಲಿಲ್ಲ, ಹೊಸ್ತಿಲಲ್ಲೇ ಇದ್ದಳು.

“ಆ ಗೆರಿ ಒಂದ್ ಇರ್ಲಿ ಬಿಡಪಾ” ಎಂದಳು.

“ಎಲ್ಲಾ ಸಾರಿಸು” ಎಂದೆ ನಾನು.

ಆ ಗೆರೆ ಏನು, ಏಕೆ ಎಂದು ಕೇಳಲಿಲ್ಲ. ಮೂವತ್ತೆರಡು ವರ್ಷ ಹೆರವರ ಮಕ್ಕಳಿಗೆ ಓದಲು ಕಲಿಸಿದವನಿಗೆ ನನ್ನ ಅವ್ವ ಗೋಡೆಯ ಮೇಲೆ ಬರೆದದ್ದು ಓದಲು ಬರಲಿಲ್ಲ. ಅವಳೇ ಏಕೆ ಹೇಳಲಿಲ್ಲ ಎಂದು ಕೆಲವು ಸಲ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಹೇಳಲು ಬಂದಳಲ್ಲ, ನಾನು ಬಿಟ್ಟೆನೇ? ನಾಲ್ಕು ಮಂದಿಯ ಮುಂದೆ ಒಳಗೆ ನಡಿ ಅನ್ನಿಸಿಕೊಂಡ ಮೇಲೆ ನಮ್ಮ ಅವ್ವ ಯಾವತ್ತೂ ಯಾವುದನ್ನೂ ನನ್ನ ಹತ್ತಿರ ಕೇಳಲಿಲ್ಲ.

ಅವ್ವ ಮತ್ತೆ ಪೀಠದ ಮುಂದೆ ಕೂತಳು. ಕೈ ಮೊದಲಿನ ಹಾಗೆ ಹೊಟ್ಟೆಗೆ ಇಳಿಯಿತು. ಕೂತು ಕೂತು ಮೊಣಕಾಲೂ ಮಡಚಿಕೊಂಡವು. ಮೊದಲು ಅಂಗಳ ಬಿಟ್ಟಳು, ಆಮೇಲೆ ಪಡಸಾಲೆ ಬಿಟ್ಟಳು. ಕಡೆಯ ವರ್ಷ ಕತ್ತೂ ಬಗ್ಗಿಸಲು ಆಗುತ್ತಿರಲಿಲ್ಲ. ಪಾರ್ವತವ್ವ ತನ್ನ ಕೈಯಲ್ಲಿ ಅತ್ತೆಯ ಲಿಂಗ ಹಿಡಿದು ಕಣ್ಣಮುಂದೆ ತೋರಿಸಿದರೆ, “ನಿನ್ನ ಕೈಯಾಗಿಂದು ನಾ ನೋಡಿದ್ರ ಅದು ನಿನ್ನ ಪೂಜಿ ಆಕ್ಕೈತಿ ತಂಗಿ” ಎಂದು ಕಣ್ಣು ಮುಚ್ಚಿಬಿಡುವಳು. ಅರವತ್ತೊಂದರ ಶ್ರಾವಣದಲ್ಲಿ ತೀರಿಕೊಂಡಳು. ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಸಂಗಯ್ಯನವರು ಎಡ ಅಂಗೈಯಲ್ಲಿ ಲಿಂಗವಿಟ್ಟರು. ಆ ಕೈ ತೊಡೆಯ ಮೇಲೆಯೇ ಇತ್ತು. ಮಳೆಯಲ್ಲಿ ಕಂಬಳಿ ಹೊದ್ದು ದೂರದ ಬದುವಿನ ಮೇಲೆ ನಿಂತಿದ್ದವರಲ್ಲಿ ಹೊನ್ನಿಯೂ ಇದ್ದಳು. ನಾನು ನೋಡಿದೆ, ಕರೆಯಲಿಲ್ಲ. ಅಷ್ಟು ದೊಡ್ಡ ಸೇವೆ ಮಾಡಿದ ಮಗ ಎಂದು ಅಂದೂ ನನ್ನನ್ನು ಹೊಗಳಿದವರಿದ್ದರು. ನಾನು ಅದನ್ನು ನಂಬಿದ್ದೆ.

ನಂಬಿಕೆ ಆರು ವರ್ಷ ನಡೆಯಿತು. ಅರವತ್ತೇಳರ ಚಳಿಗಾಲದಲ್ಲಿ ನನ್ನ ಎಡ ಹೆಗಲೇ ಹಿಡಿಯಿತು. ಅಂಗಿ ತೊಡುವಾಗ ಪ್ರಾಣ ಹೋದಂತೆ ಆಗುವುದು. ಪೂಜೆಗೆ ಕೂತರೆ ಅಂಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಶಿರಸಿಗೆ ಹೋದೆ. ಅದೇ ಡಾಕ್ಟರು, ತಲೆ ಪೂರ್ತಿ ನರೆತಿತ್ತು. ಹೆಗಲು ಒತ್ತಿ, ಕೈ ತಿರುಗಿಸಿ ಹೇಳಿದರು, “ಎಂಟು ದಿನ ವಿಶ್ರಾಂತಿ. ಆಮೇಲೆ ದಿನಾ ಕೈ ಆಡಿಸಲೇಬೇಕು. ಸುಮ್ಮನೆ ಬಿಟ್ಟರೆ ಕೀಲು ಹಿಡಿದುಹೋಗುತ್ತದೆ. ಏನು ಹೇಳಿದೆ, ತಿರುಗಿ ಹೇಳಿ ನೋಡೋಣ?”

ಶಾಲೆಯ ಹುಡುಗನ ಹಾಗೆ ನಿಂತು ಹೇಳಿದೆ. ಎರಡನೆಯ ವಾಕ್ಯಕ್ಕೆ ಬಂದಾಗ ನಾಲಿಗೆ ತೊಡರಿತು.

“ಇದು... ಈ ಆಡಿಸುವುದು... ಹೊಸದಾಗಿ ಬಂದ ವೈದ್ಯವೇ ಡಾಕ್ಟರೇ?” ಎಂದು ಕೇಳಿದೆ. ಹೌದು ಎನ್ನಲಿ ಎಂದು ಎಷ್ಟು ಬೇಡಿಕೊಂಡೆನೋ ನನಗೇ ಗೊತ್ತು.

“ಎಲ್ಲಿಯ ಹೊಸದು? ಇಪ್ಪತ್ತು ವರ್ಷದಿಂದ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಅರ್ಧ ಕೇಳುತ್ತಾರೆ, ಹೋಗುತ್ತಾರೆ. ಅದಕ್ಕೇ ಈಗ ತಿರುಗಿ ಹೇಳಿಸುತ್ತೇನೆ” ಎಂದರು.

ಬಸ್ಸಿನಲ್ಲಿ ಬರುವಾಗ ಯಾರು ಮಾತಾಡಿಸಿದರೋ, ಏನು ಹೇಳಿದೆನೋ ನೆನಪಿಲ್ಲ.

ಮರುದಿನ ಬೆಳಗ್ಗೆ ಪೂಜೆಗೆ ಕೂತಾಗ ಪಾರ್ವತವ್ವ ಅಟ್ಟದಿಂದ ಪೀಠ ಇಳಿಸಿ, ಒರೆಸಿ ತಂದು ನನ್ನ ಮುಂದಿಟ್ಟಳು. “ಇದು ಐತಲ್ಲ” ಎಂದಳು. ಅಷ್ಟೇ ಹೇಳಿದಳು. ನಾನು ಮೊಣಕೈ ಊರಿದೆ. ಅವ್ವನ ಮೊಣಕೈ ಸವೆದು ತಗ್ಗು ನುಣುಪಾಗಿತ್ತು. ಅಂಗೈ ಹೊಟ್ಟೆಯ ಮುಂದೆ ಬಂತು. ಲಿಂಗ ನೋಡಲು ಕತ್ತು ಬಗ್ಗಿಸಿದೆ. ಕಂಡದ್ದು ನನ್ನ ತೊಡೆ, ನನ್ನ ಪಂಚೆ, ನೆಲದ ಬಿರುಕು, ಅವುಗಳ ನಡುವೆ ಲಿಂಗ. ಸ್ವಾಮಿ ಕೆಳಗಿಳಿದ ಎಂದು ಅವ್ವ ಹೇಳಿದ್ದು ಏನು ಅಂತ ಒಂಬತ್ತು ವರ್ಷದ ಮೇಲೆ ತಿಳಿಯಿತು. ಆಗ ನಾನು ನಕ್ಕಿದ್ದೆನಲ್ಲ, ಆ ನಗೆಗೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಳು ಬಂತು, ಅತ್ತೆ. ಪಾರ್ವತವ್ವ ಆಗ ಕೊಟ್ಟಿಗೆಯ ಗೋಡೆಯ ಕತೆಯೆಲ್ಲ ಹೇಳಿದಳು. ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳುವ ಮುಖ ನನಗಿರಲಿಲ್ಲ.

ಎಂಟು ದಿನ ಬಿಟ್ಟು ಹೊನ್ನಿಯ ಗುಡಿಸಲಿಗೆ ಹೋದೆ. ಬೈರ ತೀರಿಹೋಗಿದ್ದ. ಹೊನ್ನಿ ಜಗಲಿಯ ಮೇಲೆ ಕೂತು ಕಾಲು ಚಾಚಿ ಹಿಡಿದು ತನ್ನ ಮೊಣಕಾಲಿಗೆ ತಾನೇ ಪಾಠ ಹೇಳುತ್ತಿದ್ದಳು. ನನ್ನನ್ನು ಕಂಡು ಏಳಲು ಹೊರಟಳು, ಬೇಡವೆಂದೆ. ನನ್ನ ಕೈ ಯಾವ ಮಟ್ಟದಲ್ಲಿ ತೂಗುತ್ತಿದೆ ಎಂದು ಒಮ್ಮೆ ನೋಡಿದಳು. ನಾನು ಏನೂ ಹೇಳಬೇಕಾಗಲಿಲ್ಲ.

“ಗೋಡೆ ಹತ್ರ ಬನ್ನಿ ಮಾಸ್ತರ್ರೇ” ಎಂದಳು.

“ಹೊನ್ನೀ, ಅವತ್ತು ನಾನು ಆಡಿದ್ದು...”

“ಅದೆಲ್ಲ ಇರ್ಲಿ. ಮುಖ ಗೋಡೆ ಬದಿಗೆ ಮಾಡಿ.”

ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆ ಮಾತಿಗೆ ಅವಳು ಅವಕಾಶವನ್ನೇ ಕೊಡಲಿಲ್ಲ. ಕೆಮ್ಮಣ್ಣು ಕಲಸಿ ನನ್ನ ಕಣ್ಣಿನ ಸಮಕ್ಕೆ ಗೆರೆ ಎಳೆದಳು. ನನ್ನ ಬೆರಳಿಗೆ ಅವಳ ಹತ್ತಿರ ವಿಭೂತಿ ಇರಲಿಲ್ಲ, ಒಲೆಯ ಬೂದಿ ಹಚ್ಚಿದಳು. “ಲಾಭ” ಎಂದು ಶುರುಮಾಡಿದಳು. ನಾಲ್ಕಕ್ಕೇ ಕಚ್ಚಿತು.

ದಿನಾ ಹೋದೆ. ಊರು ನೋಡಿತು, ನಗುವವರು ನಕ್ಕರು. ಒಂದು ವಾರ ಕಳೆದ ಮೇಲೆ ಧೈರ್ಯ ಮಾಡಿ ಕೇಳಿದೆ, “ಅವ್ವನ ಕೈ ಎಲ್ಲಿತನಕ ಬಂದಿತ್ತು ಹೊನ್ನೀ?”

ಅವಳು ಗೋಡೆಗೆ ಎದುರಾಗಿ ತಾನೇ ನಿಂತಳು. ಅವ್ವನೂ ಅವಳೂ ಒಂದೇ ಎತ್ತರ. ತನ್ನ ಕಣ್ಣಿನ ಸಮಕ್ಕೆ ಬೆರಳಿನಿಂದ ಒಂದು ಗೆರೆ ಗೀರಿದಳು. ಅದರ ಕೆಳಗೆ ನಾಲ್ಕು ಬೆರಳು ಅಡ್ಡ ಇಟ್ಟು, ಅದರಡಿಯಲ್ಲಿ ಒಂದು ಬೂದಿಯ ಬೊಟ್ಟು ಒತ್ತಿದಳು.

“ಇಲ್ಲಿ. ನಾಕು ಬೆರಳು ಬಾಕಿ ಇತ್ತು. ದಿನಕ್ಕೆ ಇಷ್ಟಿಷ್ಟೇ ಹತ್ತತಿದ್ರು ಅವ್ವ. ಹದಿನೈದು ದಿನ, ಹೆಚ್ಚಂದ್ರೆ ತಿಂಗಳು ಸಾಕಿತ್ತು.”

ಹೊನ್ನಿಗೆ ಇನ್ನೂ ಏನೋ ಹೇಳುವುದಿತ್ತು. ಬೂದಿಯ ಕೈ ಸೆರಗಿಗೆ ಒರೆಸಿಕೊಂಡಳು.

“ಗೋಡೆ ಸಾರ್ಸಿದ್ಮೇಲೆ ಒಂದಿನ ಅವ್ವ ಬೇಲಿ ಹತ್ರ ಬಂದು ಕರೆದ್ರು. ಗೆರೆ ಎಷ್ಟೆತ್ತರಕ್ಕೆ ಇತ್ತು ಅಂತ ನೆನಪದ್ಯಾ, ಇನ್ನೊಂದ್ಸಲ ಎಳ್ದು ಕೊಡ್ತ್ಯಾ ಅಂತ ಕೇಳಿದ್ರು. ನಾಳೆ ಬತ್ತೆ ಅವ್ವಾ ಅಂದೆ. ಹೋಗ್ಲಿಲ್ಲ. ನೀವು ಗದ್ದೆ ಬಿಡಿಸ್ತೀರಿ ಅಂತ ಇವ್ರು ಹೆದರ್ಕಂಡಿದ್ರು. ನಂಗೂ ಹೆದ್ರಿಕೆ. ಅವ್ವ ಎರಡು ಮೂರು ದಿನ ಬೇಲಿ ಹತ್ರ ನಿಂತಿದ್ರು, ನಾ ಇಲ್ಲಿಂದ ನೋಡ್ತಿದ್ದೆ.” ಅವಳು ಬೇಲಿಯ ಕಡೆ ನೋಡಿದಳು. “ಅದೊಂದು ನನ್ನ ಹೊಟ್ಟೆಲೇ ಅದೆ ಮಾಸ್ತರ್ರೇ.”

ಗದ್ದೆ ಬಿಡಿಸುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಬಿಡಿಸುತ್ತಿದ್ದೆನೋ ಏನೋ. ಆಗಿನ ನನ್ನನ್ನು ನಾನು ಬಲ್ಲೆ. ಬಾಯಿ ಮುಚ್ಚಿದೆ. ತಪ್ಪು ಎಲ್ಲ ನನ್ನದು, ಅವಳು ಅದರಲ್ಲೂ ಪಾಲು ಹೊತ್ತುಕೊಂಡು ಇಷ್ಟು ವರ್ಷ ಬದುಕಿದ್ದಳು.

ನನ್ನ ಕೈ ಬಂತು. ಮೂರು ತಿಂಗಳು ಹಿಡಿಯಿತು. ಈಗ ನಿವೃತ್ತಿಯಾಗಿ ವರ್ಷವಾಯಿತು. ಪೀಠವನ್ನು ಮತ್ತೆ ಅಟ್ಟಕ್ಕೆ ಏರಿಸಿದ್ದೇನೆ, ಸುಡಲು ಮನಸ್ಸಾಗಲಿಲ್ಲ, ಅವ್ವನ ಮೊಣಕೈಯ ಗುರುತಿದೆ ಅದರಲ್ಲಿ. ಸಂಜೆಯ ಹೊತ್ತು ಹೊನ್ನಿಯ ಅಂಗಳದಲ್ಲಿ ಐದಾರು ಮಂದಿ ಮುದುಕರು ಮುದುಕಿಯರು ಸೇರುತ್ತೇವೆ. ಸಂಗಯ್ಯನವರೂ ಕೋಲೂರಿಕೊಂಡು ಬರುತ್ತಾರೆ, ಕಟ್ಟೆಯ ಮೇಲೆ ಕೂತು ಕಾಲು ಚಾಚುತ್ತಾರೆ. ಹೊಸದಾಗಿ ಬಂದವರಿಗೆ ಹೊನ್ನಿ ಹೇಳಿದ್ದನ್ನು ನಾನು ತಿರುಗಿ ಹೇಳಿಸುತ್ತೇನೆ. ಪೂರ್ತಿ ಹೇಳುವವರೆಗೆ ಬಿಡುವುದಿಲ್ಲ.

ಬೆಳಗ್ಗೆ ಪೂಜೆಗೆ ಕೂತು ಅಂಗೈ ಎತ್ತುವಾಗ ಮಂತ್ರಕ್ಕಿಂತ ಮೊದಲು ನನ್ನ ಬಾಯಿಂದ ‘ಲಾಭ’ ಎಂದು ಬರುತ್ತದೆ. ಒಳಗಿನಿಂದ ಪಾರ್ವತವ್ವ ಕೇಳಿಸಿಕೊಳ್ಳುತ್ತಾಳೆ. ಕೈ ಎದೆ ದಾಟುತ್ತದೆ, ಕೊರಳು ದಾಟುತ್ತದೆ, ಅವ್ವನ ಕೈ ನಿಂತ ಜಾಗಕ್ಕೆ ಬರುತ್ತದೆ, ಅದನ್ನೂ ದಾಟಿ ಸಲೀಸಾಗಿ ಕಣ್ಣಿನ ಸಮಕ್ಕೆ ಹೋಗಿ ನಿಲ್ಲುತ್ತದೆ. ಲಿಂಗ ನೆಟ್ಟಗೆ ಎದುರಿಗೇ ಇರುತ್ತದೆ. ನನಗೆ ಕಾಣುವುದು ಅದರ ಕೆಳಗಿನ ಆ ನಾಲ್ಕು ಬೆರಳು.